ಪಾಸಾದ ಚೀಲ

ಶಿವಪುತ್ರಪ್ಪ ಎಡಗಡೆಯ ಚೀಲವನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದ.

“ಇದು ಪ್ರೈವೇಟ್‌ನವರದ್ದು, ಸಾಹೇಬ್ರ. ಹೊಲಿಗಿ ನೋಡ್ರಿ, ಕುಡದಾಂವ ನಡದಂಗ ಹೋಗೇತಿ. ಇದರಾಗ ತೋಪಿನ ಮದ್ದು ತುಂಬಿದ್ರ ಶತ್ರುಗಿಂತ ಮೊದಲ ನಮ್ಮವರ ಸಾಯ್ತಾರ.”

ಮ್ಯಾನೇಜರ್ ಸತ್ಯಮೂರ್ತಿ ಬರೆದುಕೊಂಡರು.

ಅದು ತೊಂಬತ್ತೆರಡನೆಯ ಇಸವಿ. ಮುಂಬಯಿ ಉಪನಗರದ ಆ ಸರಕಾರಿ ಶಸ್ತ್ರ ಕಾರ್ಖಾನೆಯನ್ನು ಕಂಪನಿಯಾಗಿಸಿ ಖಾಸಗಿಯವರ ಬಂಡವಾಳ ತರುವ ಮಾತು ನಡೆದಿತ್ತು. ಹೊರಗೆ ಚೆನ್ನಾಗಿ ಸಿಗುವುದನ್ನು ಒಳಗೆ ಮಾಡಬಾರದು, ಇದು ಹೊಸ ನಿಯಮ. ಮದ್ದಿನ ಚೀಲ ಹೊಲಿಯುವ ವಿಭಾಗದ ನಲವತ್ತು ಜನರ ಅನ್ನ ಈಗ ಮೇಜಿನ ಮೇಲಿತ್ತು: ವಿಭಾಗದ್ದೊಂದು ಚೀಲ, ಹೊರಗಿನ ಗುತ್ತಿಗೆದಾರನದೊಂದು. ಹೆಸರಿಲ್ಲ, ಗುರುತಿಲ್ಲ. ಇಪ್ಪತ್ತೆರಡು ವರ್ಷ ಚೀಲಗಳನ್ನೇ ತಪಾಸಣೆ ಮಾಡಿದ ಶಿವಪುತ್ರಪ್ಪನ ಮಾತೇ ಕೊನೆಯದು.

ಬಲಗಡೆಯದನ್ನು ಅವನು ಬೆಳಕಿಗೆ ಹಿಡಿದ. ಆರು ಲಾಡಿ, ತಳಕ್ಕೆ ಜೋಡು ಹೊಲಿಗೆ. ಎಳೆದ, ತಿರುವಿದ, ಮುಖ ಅರಳಿತು.

“ಇದು ನಮ್ದು! ಚಾಳಿನ ಹೆಂಗಸರ ಕೈಯಾಗ ಇಂಥದ್ದು ಬರತೈತೇನ್ರಿ? ಸೇಠುಗಳು ಅಂಥವರ ಕಡೆನ ಹೊಲಿಸ್ತಾರ.”

“ಅವರ ಬಗ್ಗೆ ನಿಮಗೆ ಅಷ್ಟೊಂದು ಗೊತ್ತಾ?”

“ಗೊತ್ತಿಲ್ಲೇನ್ರಿ? ಒಬ್ಬಾಕಿ ಮನ್ಯಾಗ ಅದಾಳಲ್ಲ!”

ಹೌದು, ಇದ್ದಳು, ಹೆಂಡತಿ ಗಂಗುಬಾಯಿ. ಕಾರ್ಖಾನೆಯೊಳಗಿನದನ್ನು ಹೊರಗೆ ಆಡುವುದಿಲ್ಲವೆಂದು ಪ್ರಮಾಣ ಮಾಡಿದ್ದವನು ಅವಳಿಗೂ ತನ್ನ ಕೆಲಸ ಏನೆಂದು ಹೇಳಿರಲಿಲ್ಲ. ಕೇಳಿದರೆ “ದೇಶದ ಕೆಲಸ, ನಿನಗ ತಿಳಿಯೂದಿಲ್ಲ” ಎನ್ನುತ್ತಿದ್ದ. ಅವಳು ಹಗಲೆಲ್ಲ ಏನು ಮಾಡುತ್ತಾಳೆಂದು ಇವನೂ ಕೇಳಿದವನಲ್ಲ. ಮಾಡುವುದೇನು, ಒಂದೆರಡು ರವಿಕೆ ಹೊಲಿದು ಓಣಿಯವರ ಜೊತೆ ಬಾಯಿ ಮಾಡುತ್ತಾಳೆ!

ಯಾವ ಚೀಲ ಯಾರದೆಂದು ಬರೆದು ಮುಚ್ಚಿಟ್ಟಿದ್ದ ಲಕೋಟೆಯನ್ನು ಸತ್ಯಮೂರ್ತಿ ಒಡೆದರು. ಒಳಗಿನ ಚೀಟಿಯನ್ನು ಎರಡು ಸಲ ಓದಿದರು.

“ಶಿವಪುತ್ರಪ್ಪನವರೇ, ನೀವು ಬೇಡವೆಂದದ್ದು ನಿಮ್ಮ ವಿಭಾಗದ್ದು.”

ಎಂಟನೆಯ ದಿನ ಆದೇಶ ಬಂತು. ವಿಭಾಗ ಬಂದ್, ನಲವತ್ತು ಜನ, ಜೊತೆಗೆ ತಪಾಸಣೆಯವನೂ, ಮನೆಗೆ. ಗೇಟಿನಲ್ಲಿ ವಿಭಾಗದ ಹುಡುಗರು ಅವನ ಮುಖವನ್ನೂ ನೋಡಲಿಲ್ಲ. “ಮಾಮಾ, ನಿಮ್ಮ ಕಣ್ಣು ಭಾರಿ ಚುರುಕು ಬಿಡ್ರಿ,” ಎಂದ ಒಬ್ಬ, ಆಚೆ ಉಗುಳುತ್ತ.

ಮಧ್ಯಾಹ್ನ ಹನ್ನೆರಡರ ಲೋಕಲ್‌ನಲ್ಲಿ ಕೂರಲು ಜಾಗವಿತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಹೊತ್ತಿಗೆ ಅವನು ಮನೆಗೆ ಹೊರಟದ್ದೇ ಇಲ್ಲ. ಪರೇಲಿನ ಚಾಳಿನ ಮೆಟ್ಟಿಲು ಹತ್ತುವಾಗ ಒಂದೇ ಯೋಚನೆ: ಆ ಬಾಯಿಬಡಕಿಗೆ ಏನು ಹೇಳುವುದು?

ಖೋಲಿಯ ಬಾಗಿಲು ತೆರೆದಿತ್ತು. ಕಾಲಿಡಲು ಜಾಗವಿರಲಿಲ್ಲ.

“ಅಯ್ಯ, ಇಷ್ಟ ಲಗೂ ಬಂದ್ರಿ? ತುಳೀಬ್ಯಾಡ್ರಿ, ತುಳೀಬ್ಯಾಡ್ರಿ!” ಗಂಗುಬಾಯಿ ಹೊಲಿಗೆ ಯಂತ್ರ ನಿಲ್ಲಿಸದೆ ಕೂಗಿದಳು. “ಯಾರೋ ಸರಕಾರಿ ಸಾಹೇಬ ನನ್ನ ಚೀಲ ಪಾಸ್ ಮಾಡ್ಯಾನಂತ, ಸೇಠ್‌ಗ ದೊಡ್ಡ ಆರ್ಡರ್ ಬಂದೈತಿ. ಹೆಂಗೂ ಬಂದೀರಿ, ಕೂಡ್ರಿ, ಲಾಡಿ ಕತ್ತರಿಸ್ರಿ, ಒಂದಕ್ಕ ಆರು.”