ಊರುಗೋಲಿನ ಗಂಟೆ

ಹಸಿ ಈರುಳ್ಳಿಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಆದಿವಾಲದ ನಮ್ಮ ಪಡಸಾಲೆಯಲ್ಲಿ ಅಜ್ಜ, ಅವ್ವ, ನಾನು ಇದ್ದೆವು. ಈರುಳ್ಳಿ ಕೊಯ್ಯುವ ಕೂಲಿಯಿಂದ ಊಟಕ್ಕೆ ಬಂದಿದ್ದ ಅವ್ವ, ಹಳೆಯ ಮೇಕೆ ಗಂಟೆಯೊಂದನ್ನು ಅಜ್ಜನ ಊರುಗೋಲಿಗೆ ಕಟ್ಟುತ್ತಿದ್ದಳು. ಹಿಂದಿನ ರಾತ್ರಿ ಹಿತ್ತಲಿಗೆ ಹೋಗುವಾಗ ಅಜ್ಜ ಹೊಸ್ತಿಲು ಎಡವಿದ್ದ.

"ನನ್ನನ್ನೂ ಮಂದೆಗೆ ಸೇರಿಸ್ದೇನವ್ವ?" ಎಂದು ಅಜ್ಜ ನಕ್ಕ.

"ಇದು ಅಲ್ಲಾಡಿದ್ರೆ ನಂಗೆ ಎಚ್ಚರಾಗ್ತೈತೆ ಮಾವ. ಒಬ್ರೇ ಹೋಗ್ಬ್ಯಾಡ್ರಿ, ನಾನು ಕೈ ಹಿಡ್ಕಂತೀನಿ."

ಅಜ್ಜ ಅವಳ ಬೊಬ್ಬೆ ಎದ್ದ ಅಂಗೈ ನೋಡಿದ. "ಹಗಲೆಲ್ಲ ದುಡೀತೀಯ. ರಾತ್ರಿನಾದ್ರೂ ಮಲಗವ್ವ."

"ಮಲಗ್ತೀನಿ ಬಿಡ್ರಿ," ಎನ್ನುತ್ತಾ ಅವ್ವ ಗಂಟು ಬಿಗಿದಳು.

ಆ ವಾರವೇ ಒಂದು ಬೆಳಗ್ಗೆ ಅಜ್ಜ ಹಿತ್ತಲ ಮೆಟ್ಟಿಲ ಕೆಳಗೆ ಬಿದ್ದಿದ್ದ, ಮೈ ತಣ್ಣಗಾಗಿತ್ತು. ಊರುಗೋಲು ಅವನ ಚಾಪೆಯ ಪಕ್ಕದಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು.