ಮೂಲೆಯ ಪಾಲು

ಒಂದಾನೊಂದು ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು. ಕೌದಿಯ ತುಂಡುಗಳನ್ನು ಕನಸು ಕಾಣುತ್ತಲೇ ಜೋಡಿಸಿಬಿಡುತ್ತಿದ್ದಳು; ಸುತ್ತಲೂ ಅಂಚುಪಟ್ಟಿ ಹೊಲಿಯುವುದೆಂದರೆ ಮಾತ್ರ ಮೈಯೆಲ್ಲ ಸೋಮಾರಿತನ. ಇವತ್ತು ಕೊನೆಗೂ ಮೂರು ಬದಿ ಮುಗಿಸಿ ನಾಲ್ಕನೆಯದರ ತುದಿಗೆ ಬಂದರೆ, ಹಸಿರು ಪಟ್ಟಿ ಒಂದು ಗೇಣು ಸಾಲದೆ ನಿಂತುಬಿಟ್ಟಿತು. ಬದಿಗಳ ಅಳತೆ ಸರಿಯಾಗಿಯೇ ಇತ್ತು. ಮೂಲೆಗಳಲ್ಲಿ ಮಡಚಲು ಬಟ್ಟೆ ಬಿಡುವುದನ್ನು ಮರೆತಿದ್ದಳು. “ಮೂಲೆಗೆ ಹಸಿವು ಜಾಸ್ತಿ ಮಗಾ, ಅದರ ಪಾಲು ಮೊದಲೇ ಎತ್ತಿಡು” ಎಂದು ಅಜ್ಜಿ ಕಥೆಯ ನಡುವೆ ಹೇಳಿದ್ದು ಈಗ ನೆನಪಾಯಿತು.

“ತೊಟ್ಟಿಲಿಗೆ ಅಂತ ನೀನು ಶುರು ಮಾಡಿದ್ದೆ. ನನ್ನ ಮಗಳು ಈಗ ಸ್ಕೂಲಿಗೆ ಹೋಗ್ತಾಳೆ!” ಅತ್ತಿಗೆ ನಕ್ಕು ಕೌದಿಗೆ ಕೈ ಹಾಕಿದಳು. “ಕೊಡು ಇಲ್ಲಿ. ಎಲ್ಲಾ ಬಿಚ್ಚಿಸಿ ಟೈಲರ್ ಹತ್ರ ಹೊಸ ಪಟ್ಟಿ ಹಾಕಿಸ್ತೀನಿ. ನಿನ್ನ ಕೈಲಿ ಆಗಲ್ಲ ಬಿಡು.”

ಹುಡುಗಿ ಕೌದಿಯ ಮೇಲೆ ಮೊಣಕಾಲೂರಿದಳು. “ಒಂದು ಹೊಲಿಗೆನೂ ಬಿಚ್ಚೋದಿಲ್ಲ. ಹೊಲಿದುಕೊಡ್ತೀನಿ ಅಂತ ನಿಮ್ಮ ಮಗಳಿಗೆ ಮಾತು ಕೊಟ್ಟಿದ್ದು ನಾನು, ಟೈಲರ್ ಅಲ್ಲ.” ಕತ್ತರಿ ಎತ್ತಿಕೊಂಡು ತಾನು ತೊಟ್ಟಿದ್ದ ಕೆಂಪು ಅಂಗಿಯ ಕೆಳಅಂಚನ್ನೇ ಕತ್ತರಿಸಿದಳು, ಒಂದು ಗೇಣು, ಮೇಲೆ ಮೂಲೆಯ ಪಾಲು.

“ಅಯ್ಯೋ ಹುಚ್ಚೀ! ಹಸಿರಿಗೆ ಕೆಂಪಾ? ಎದ್ದು ಕಾಣುತ್ತೆ ಕಣೇ!”

“ಕಾಣ್ಲಿ.”

ಕೆಂಪನ್ನು ಹಸಿರಿಗೆ ಕೂಡಿಸಿ, ಕೊನೆಯ ಮೂಲೆಯನ್ನು ಮಡಚಿ, ಅವಸರವಿಲ್ಲದೆ ಹೊಲಿದಳು. ಗಂಟು ಬಿಗಿದು ದಾರವನ್ನು ಹಲ್ಲಿನಿಂದ ಕಡಿದಳು. “ತಗೊಳ್ಳಿ ಅತ್ತಿಗೆ. ನಿಮ್ಮ ಮಗಳ ಕಾಲು ಹೊರಗೆ ಬಂದ್ರೆ ಬರ್ಲಿ, ಅಂಚು ಮಾತ್ರ ಬಿಚ್ಚಿಕೊಳ್ಳಲ್ಲ.”