ಗಾಜಿನ ಬಾಗಿಲಾಚೆ ಮೇಘನ

ಗಾಜಿನ ಬಿಲ್ಲೆಯ ಮೇಲೆ ದ್ರಾವಣದ ಹನಿ ಬಿಡುವ ಹೊತ್ತಾದರೂ ಮೇಘನ ಗ್ಲೌಸ್ ತೊಡಲಿಲ್ಲ. "ಚಂದನ, ಇವತ್ತು ನೀನೇ ಬಿಡು," ಎಂದಳು. ಕೋಲಾರದ ಆ ಪ್ರಯೋಗಾಲಯದಲ್ಲಿ, ಬಿಸಿಲಿನಿಂದ ವಿದ್ಯುತ್ ತೆಗೆಯುವ ಪೆರೋವ್‌ಸ್ಕೈಟ್ ಪೊರೆಗಾಗಿ ಅವಳು ವರ್ಷಗಟ್ಟಲೆ ದುಡಿದಿದ್ದಳು. ಮಾಡಿದ್ದೆಲ್ಲ ತೇವಕ್ಕೆ ಕೆಡುತ್ತಿತ್ತು. ಕೆಡದಂಥ ಪಾಕ ಈಗಷ್ಟೇ ಕೈಗೆ ಹತ್ತಿತ್ತು.

"ಯಾಕಕ್ಕಾ? ಇದು ನಿನ್ನ ಕೆಲ್ಸ ಅಲ್ವಾ?" ಎಂದಳು ಕಿರಿಯ ಸಂಶೋಧಕಿ ಚಂದನ.

"ಅದ್ರಲ್ಲಿ ಸೀಸ ಇದೆ ಕಣೇ. ಮಗೂಗೆ ಒಳ್ಳೇದಲ್ಲ."

"ಯಾವ್ ಮಗೂಗೆ?" ಎಂದು ಕೇಳಿದ ಚಂದನಳಿಗೆ ಮರುಗಳಿಗೆಯೇ ಹೊಳೆಯಿತು. ಅಪ್ಪಿಕೊಳ್ಳಲು ಓಡಿಬಂದವಳು ತನ್ನ ಗ್ಲೌಸ್ ನೆನಪಾಗಿ, ಕೈಗಳನ್ನು ಮೇಲೆತ್ತಿ ಅಲ್ಲೇ ನಿಂತುಬಿಟ್ಟಳು. "ಮೊದ್ಲು ಆಚೆ ಹೋಗಕ್ಕಾ ನೀನು!"

ಹೊರಬಂದ ಮೇಘನಳಿಗೆ ಗಾಜಿನ ಬಾಗಿಲಾಚೆಯಿಂದ ಒಳಗಿನದೆಲ್ಲ ನೀರಿನಡಿಯಲ್ಲಿ ನಡೆಯುತ್ತಿರುವಂತೆ ನಿಧಾನವಾಗಿ ಕಂಡಿತು. ಚಂದನ ಹನಿ ಬಿಟ್ಟಳು. ಯಂತ್ರದ ಮೇಲಿನ ಪುಟ್ಟ ಗಾಜಿನ ಬಿಲ್ಲೆ ಗರಗರನೆ ತಿರುಗಿ ನಿಂತಿತು. ಬಿಸಿ ತಟ್ಟೆಯ ಮೇಲಿಟ್ಟಾಗ ಹಳದಿ ಪೊರೆ ಮೆಲ್ಲಗೆ ಕಂದುಬಣ್ಣಕ್ಕೆ ತಿರುಗಿ, ಹತ್ತಿರದ ಹುತ್ತೂರಿನ ತೋಟದಲ್ಲಿ ಮಾಗಿದ ಹಿಪ್ಪುನೇರಳೆ ಹಣ್ಣಿನಂತೆ ಕಪ್ಪಾಗಿ ಮಿನುಗಿತು. ತಾನಿಲ್ಲದೆಯೂ ಅದು ಆಗಿಬಿಟ್ಟರೆ ಹೊಟ್ಟೆ ಉರಿಯುತ್ತದೆಂದು ಹೆದರಿದ್ದ ಮೇಘನ, ಬಾಗಿಲಿಗೆ ಹಣೆಯೂರಿ, ಅದನ್ನು ಮೊದಲ ಸಲ ಕಾಣುವವಳಂತೆ ನೋಡುತ್ತಲೇ ನಿಂತಳು.